ಗಾಣದ ಪಿನ್ ಕೆಂಪಾಗುವ ಹೊತ್ತಿಗೆ ಇಂಡಕ್ಷನ್ ಮೆಷಿನ್ ಟ್ರಿಪ್

ಮಂಡ್ಯ ಲೇತ್: ಆಲೆಮನೆ ಗಾಣಕ್ಕೆ 25 ಮಿ.ಮೀ. ಇಎನ್8 (ಮಧ್ಯಮ ಕಾರ್ಬನ್ ಉಕ್ಕು) ಪಿನ್. ಮೇಲ್ಪದರ 2 ಮಿ.ಮೀ. ಗಟ್ಟಿ ಆಗಬೇಕು. 15 ಕಿಲೋವ್ಯಾಟ್ ಇಂಡಕ್ಷನ್ ಮೆಷಿನ್, ಐಜಿಬಿಟಿ ಅನ್ನೋ ಪವರ್ ಸ್ವಿಚ್‌ಗಳದ್ದು, ಕಾಯಿಲ್-ಕೆಪಾಸಿಟರ್ ಸೀರೀಸ್ ರೆಸೊನೆನ್ಸ್, 30 ಕಿಲೋಹರ್ಟ್ಜ್. ಕಡುಗೆಂಪಾಗೋವರೆಗೂ ಚೆನ್ನಾಗಿರುತ್ತೆ, ಆಮೇಲೆ ಓವರ್‌ಕರೆಂಟ್. ಯಾಕೆ?

ಹೆಬ್ಬಾಳ ಶಾಪ್: ಸುಮಾರು 770 ಡಿಗ್ರಿ ದಾಟಿದ ಮೇಲೆ ಉಕ್ಕಿನ ಕಾಂತಗುಣ ಹೋಗುತ್ತೆ ಸರ್. ಕಾಯಿಲ್‌ನ ಇಂಡಕ್ಟೆನ್ಸ್ ಇಳಿಯುತ್ತೆ, ರೆಸೊನೆನ್ಸ್ ಫ್ರೀಕ್ವೆನ್ಸಿ ಮೇಲಕ್ಕೆ ಹೋಗುತ್ತೆ. ಇನ್ವರ್ಟರ್ (ಕಾಯಿಲ್‌ಗೆ ಹೈ ಫ್ರೀಕ್ವೆನ್ಸಿ ಕರೆಂಟ್ ಕೊಡುವ ಭಾಗ) ಅದನ್ನು ಹಿಂಬಾಲಿಸದೆ 30ರಲ್ಲೇ ನಿಂತರೆ ರೆಸೊನೆನ್ಸ್‌ಗಿಂತ ಕೆಳಗೆ ಸಿಕ್ಕಿಬೀಳುತ್ತೆ. ಆಗ ಒಂದು ಐಜಿಬಿಟಿ ಆನ್ ಆಗುವಾಗ ಎದುರಿನ ಡಯೋಡ್ ಇನ್ನೂ ಕರೆಂಟ್ ಒಯ್ಯುತ್ತಿರುತ್ತೆ. ಟ್ರಿಪ್ ಆದದ್ದೇ ಪುಣ್ಯ, ಇಲ್ಲದಿದ್ದರೆ ಮಾಡ್ಯೂಲ್ ಢಮಾರ್. ಸ್ಕೋಪ್ ಹಾಕಿ ನೋಡಿ: ಕರೆಂಟ್ ಯಾವಾಗಲೂ ವೋಲ್ಟೇಜಿಗಿಂತ ಸ್ವಲ್ಪ ಹಿಂದೆ ಇರಬೇಕು.

ಮಂಡ್ಯ ಲೇತ್: ಫ್ರೀಕ್ವೆನ್ಸಿ ಟ್ರ್ಯಾಕಿಂಗ್ ಇದೆ ಅಂತ ಮ್ಯಾನ್ಯುಯಲ್ಲಲ್ಲಿದೆ.

ಹೆಬ್ಬಾಳ ಶಾಪ್: ಹಾಗಿದ್ದರೆ ಅದರ ಮೇಲಿನ ಮಿತಿ ಎಲ್ಲಿದೆ ನೋಡಿ, ಕರೆಂಟ್ ಅಳೆಯುವ ಸಿಟಿಯ (ಕರೆಂಟ್ ಟ್ರಾನ್ಸ್‌ಫಾರ್ಮರ್) ವೈರು ಉಲ್ಟಾ ಆಗಿದೆಯಾ ಅಂತಲೂ. ಅದೂ ಸರಿ ಇದ್ದರೆ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಸುತ್ತು ಒಂದು ಟ್ಯಾಪ್ ಹೆಚ್ಚಿಸಿ, ಇನ್ವರ್ಟರ್ ಮೇಲಿನ ಕರೆಂಟ್ ಇಳಿಯುತ್ತೆ.

ಕುವೆಂಪುನಗರ ಎಲೆಕ್ಟ್ರಾನಿಕ್ಸ್: 2 ಮಿ.ಮೀ.ಗೆ 30 ಸಾಕು. ಕಾದ ಉಕ್ಕಿನಲ್ಲಿ ಕರೆಂಟ್ ಇಳಿಯುವ ಆಳದ ಲೆಕ್ಕ: 500ನ್ನು ಹರ್ಟ್ಜ್‌ನ ವರ್ಗಮೂಲದಿಂದ ಭಾಗಿಸಿ. 30 ಕಿಲೋಹರ್ಟ್ಜ್‌ಗೆ 2.9 ಮಿ.ಮೀ., 60ಕ್ಕೆ ಸುಮಾರು 2. ಇನ್ನೂ ತೆಳು ಪದರ ಬೇಕಾದರೆ, ಕೆಪಾಸಿಟರ್ ಕಾಲು ಭಾಗಕ್ಕೆ ಇಳಿಸಿದರೆ ಫ್ರೀಕ್ವೆನ್ಸಿ ಎರಡರಷ್ಟು. ಆದರೆ ಅವುಗಳ ವೋಲ್ಟೇಜ್ ರೇಟಿಂಗ್ ನೋಡದೆ ಕೈ ಹಾಕಬೇಡಿ. ಇನ್ನೊಂದು, ಕಾಯಿಲ್‌ಗೆ ಬೋರ್‌ವೆಲ್ ನೀರು ಬಿಡಬೇಡಿ. ತಾಮ್ರದ ಕೊಳವೆಯೊಳಗೆ ಸುಣ್ಣ ಕಟ್ಟುತ್ತೆ, ಡಿಎಂ (ಲವಣ ತೆಗೆದ) ನೀರೇ ಹಾಕಿ.