ಗೋಡೆ ಮೇಲೆ ಹೆಂಗಸರ ಚರಿತ್ರೆ: ಬರೆಯುವವರು ಯಾರು?

ಸಾಗರದ ಹುಡುಗಿ: ನಮ್ಮ ಬೀದಿಯವರು ಸೇರಿ ಸಂತೆ ದಾರಿಯ ಉದ್ದ ಗೋಡೆಗೆ ಮಲೆನಾಡಿನ ಹೆಂಗಸರ ಚರಿತ್ರೆ ಬರೆಸಬೇಕು ಅಂತಿದ್ದೇವೆ. ಕೆಲವರು ಕೆಳದಿ ಚೆನ್ನಮ್ಮ ಇರಲಿ ಅಂತಾರೆ, ಕೆಲವರು ಹಸೆ ಚಿತ್ತಾರ, ಅಂದರೆ ಮದುವೆ, ಹಬ್ಬಕ್ಕೆ ಹೆಂಗಸರು ಗೋಡೆ, ಬುಟ್ಟಿ ಮೇಲೆ ಬರೆಯುವ ಚಿತ್ರ, ಇರಲಿ ಅಂತಾರೆ. ಶಿವಮೊಗ್ಗದಿಂದ ಪೇಂಟರ್ ಕರೆಸಿ ಮೂರೇ ದಿನದಲ್ಲಿ ಮುಗಿಸೋಣ ಅನ್ನೋರೇ ಜಾಸ್ತಿ. ನೀವೇನಂತೀರಿ?

ಹೊಸನಗರದವ: ಚೆನ್ನಮ್ಮನೇ ಇರಲಿ. ಔರಂಗಜೇಬನ ಸೈನ್ಯ ಬೆನ್ನು ಹತ್ತಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ. ಮಕ್ಕಳು ದಿನಾ ನೋಡಬೇಕು.

ಚಿತ್ತಾರದ ಮೊಮ್ಮಗಳು: ಅಣ್ಣ, ಚೆನ್ನಮ್ಮ ಬೇಡ ಅಂತ ಯಾರೂ ಹೇಳುತ್ತಿಲ್ಲ. ಆದರೆ ಚಿತ್ತಾರವನ್ನು ಪೇಂಟರ್ ಕೈಲಿ ಬರೆಸಿದರೆ ಅದು ಹೆಂಗಸರ ಚರಿತ್ರೆ ಹೇಗಾಗುತ್ತದೆ? ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಇದು ಹೆಂಗಸರ ಕೈಲೇ ಉಳಿದದ್ದು. ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬ ಹತ್ತಿರ ಬಂದರೆ ನಮ್ಮಜ್ಜಿ ಎಡೆ ಒಯ್ಯುವ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸುತ್ತಿದ್ದಳು. ನೆನೆಸಿದ ಅಕ್ಕಿ ಅರೆದು ಬಿಳಿ, ಅಕ್ಕಿಯನ್ನೇ ಕರಿ ಆಗುವ ತನಕ ಹುರಿದು ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಅಂದರೆ ಪುಂಡಿ ನಾರು. ಅದರ ತುದಿಯನ್ನು ಬೆರಳಲ್ಲಿ ಸವರಿ ಚೂಪು ಮಾಡಿ, ಉಸಿರು ಬಿಗಿಹಿಡಿದು ಎಳೆ ಎಳೆಯುತ್ತಿದ್ದಳು, ನಾವು ಮಕ್ಕಳು ಮಾತಾಡಿದರೆ ಗದರುತ್ತಿದ್ದಳು. ಎಷ್ಟು ಮದುವೆ ಮನೆಯ ಹಸೆ ಗೋಡೆ ಬರೆದಳೋ, ಒಂದರ ಮೇಲೂ ಅವಳ ಹೆಸರಿಲ್ಲ.

ತೀರ್ಥಹಳ್ಳಿ ಮಳೆ: ಮಾತು ಸರಿ ತಂಗಿ, ಆದರೆ ನಮ್ಮ ಆಷಾಢದ ಮಳೆಗೆ ಅಕ್ಕಿ ಹಿಟ್ಟು ಒಂದು ವಾರ ನಿಲ್ಲಲ್ಲ. ದುಡ್ಡು ಹಾಕಿದ್ದು ಸುಮ್ನೆ ಚರಂಡಿಗೆ ಹೋಗುತ್ತದೆ. ಅಂಗಡಿ ಪೇಂಟೇ ಒಳ್ಳೇದು. ಬೇಕಾದರೆ ಅಜ್ಜಿಯರಿಗೆ ಒಂದು ಸನ್ಮಾನ ಇಟ್ಟುಕೊಳ್ಳಿ.

ಚಿತ್ತಾರದ ಮೊಮ್ಮಗಳು: ಅಳಿಸಿ ಹೋಗಲಿ ಅಣ್ಣ. ಬುಟ್ಟಿಗೂ ವರ್ಷ ವರ್ಷ ಹೊಸದಾಗಿ ಬರೆಯುವುದಲ್ವಾ? ಹಾಗೆ ಬರೆದದ್ದಕ್ಕೇ ನಮ್ಮಮ್ಮ ಕಲಿತಳು, ನಾನೂ ಕಲಿತೆ. ಅಂಗಡಿ ಪೇಂಟ್ ಹತ್ತು ವರ್ಷ ನಿಂತರೆ ಆ ಹತ್ತು ವರ್ಷ ಯಾವ ಹುಡುಗಿಯೂ ಅಲ್ಲಿ ಎಳೆ ಹಾಕಲ್ಲ. ಮತ್ತೆ, ಶಾಲು ಹಾರ ಬೇಡ. ಪೇಂಟರ್‌ಗೆ ದಿನಕ್ಕೆ ಎಷ್ಟು ಕೂಲಿಯೋ ಅಷ್ಟನ್ನು ಇವರಿಗೂ ಕೊಡಿ.

ಶಿಕಾರಿಪುರದ ಅಕ್ಕ: ಕೂಲಿ ಮಾತು ನೂರಕ್ಕೆ ನೂರು ಸರಿ. ಚೆನ್ನಮ್ಮನ ಪಕ್ಕ ನಮ್ಮ ಈಸೂರಿಗೂ ಜಾಗ ಬಿಡಿ. 1942ರಲ್ಲಿ ಬ್ರಿಟಿಷರ ಆಳ್ವಿಕೆ ನಮಗೆ ಬೇಡ ಅಂತ ಸಾರಿದ ಊರು ಅದು. 1943ರಲ್ಲಿ ಗಲ್ಲಿಗೇರಿದ 5 ಜನರನ್ನು ವರ್ಷ ವರ್ಷ ನೆನೆಯುತ್ತೇವೆ, ನೆನೆಯಲೇಬೇಕು. ಜೈಲಿಗೆ ಹೋದ ಹಾಲಮ್ಮನಂಥ ಹೆಂಗಸರನ್ನು ಎಷ್ಟು ಜನ ನೆನೆಯುತ್ತಾರೆ ಹೇಳಿ?

ಹೊಸನಗರದವ: ಹಾಲಮ್ಮನ ವಿಷಯ ನನಗೂ ಗೊತ್ತಿರಲಿಲ್ಲ ಅಕ್ಕ. ಬರೆಸಲೇಬೇಕು. ಕೂಲಿಗೆ ನನ್ನ ಪಾಲೂ ಇರಲಿ.

ಸಾಗರದ ಹುಡುಗಿ: ಗೋಡೆಯ ಒಂದು ತುದಿಗೆ ಶೀಟ್ ಮಾಡು ಇದೆ, ಎರಚಲು ಅಷ್ಟು ಬಡಿಯಲ್ಲ. ಅಲ್ಲಿ ಚಿತ್ತಾರ, ಮಿಕ್ಕ ಕಡೆ ಚೆನ್ನಮ್ಮ ಮತ್ತು ಈಸೂರು. ಬರೆದವರ ಹೆಸರು ಕೆಳಗೆ ಇರಲೇಬೇಕು ಅಂತ ಬೀದಿಯವರ ಹತ್ತಿರ ನಾನೇ ಮಾತಾಡುತ್ತೇನೆ. ಭಾನುವಾರ ಅಜ್ಜಿಯರ ಮನೆಗೆ ಕೇಳಲು ಹೊರಟಿದ್ದೇವೆ, ಮೊಮ್ಮಗಳು ಜೊತೆಗೆ ಬಂದರೆ ಧೈರ್ಯ. ಯಾರ ಊರ ಕಡೆಯಾದರೂ ಗುರಿಗೆ ಕಾಯಿ ಸಿಕ್ಕಿದರೆ ಒಂದಿಷ್ಟು ಎತ್ತಿಡಿ.