‘ಮಗು ಉಣ್ಣುತ್ತಿಲ್ಲ’: ಮಕ್ಕಳ ವೈದ್ಯೆಗೆ ಗುಂಪಿನ ಪ್ರಶ್ನೆಗಳು

ಕುಮಟಾದ ತಂದೆ: ನಮಸ್ಕಾರ ಮೇಡಂ. ಮಗನಿಗೆ ಮೂರು ವರ್ಷ. ಮೊಸರನ್ನ ಮತ್ತು ಬಾಳೆಹಣ್ಣು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ತೂಕ ಸರಿಯಾಗಿ ಏರುತ್ತಿದೆ. ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಇದೇ ದೂರು. ಇದು ಅಷ್ಟು ಸಾಮಾನ್ಯವೇ?

ವೈದ್ಯೆ: ನಮಸ್ಕಾರ. ಸಾಮಾನ್ಯವೇ. ಉಳಿದೆಲ್ಲ ಬೆಳವಣಿಗೆ ಸರಿಯಿರುವ ಮಕ್ಕಳಲ್ಲೂ ನೂರಕ್ಕೆ 25ರಿಂದ 45 ಮಂದಿಗೆ ಊಟದ ಒಂದಲ್ಲ ಒಂದು ತೊಂದರೆ ಇರುತ್ತದೆ. ನಡಿಗೆ, ಮಾತು, ಬುದ್ಧಿಯ ಬೆಳವಣಿಗೆ ಹಿಂದುಳಿದ ಮಕ್ಕಳಲ್ಲಿ ಅದು 80ರವರೆಗೂ ಹೋಗುತ್ತದೆ. ಆದರೆ ಚಿಕಿತ್ಸೆ ಬೇಕಾಗುವಷ್ಟು ತೀವ್ರವಾದದ್ದು 3ರಿಂದ 10 ಮಂದಿಯಲ್ಲಿ ಮಾತ್ರ. ಮೊದಲ ವರ್ಷದಲ್ಲಿ ಆರೇಳು ಕೆ.ಜಿ. ಏರುವ ಮಗು ಎರಡು ವರ್ಷ ದಾಟಿದ ಮೇಲೆ ವರ್ಷಕ್ಕೆ ಸುಮಾರು 2 ಕೆ.ಜಿ.ಯಷ್ಟೇ ಏರುತ್ತದೆ, ಹಸಿವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಹೊಸ ಪಲ್ಯವನ್ನು ಒಂದೊಂದು ಚೂರಿನಂತೆ ಹತ್ತು ಹದಿನೈದು ಸಲವಾದರೂ ತಟ್ಟೆಯ ಅಂಚಿನಲ್ಲಿಡಿ, ತಿನ್ನೆಂದು ಒತ್ತಾಯಿಸಬೇಡಿ.

ಶಿರಸಿಯ ತಾಯಿ: ಎರಡು ವರ್ಷದ ಮಗಳಿಗೆ ಹಸಿವೇ ಇಲ್ಲ. ಒಳ್ಳೆಯ ಟಾನಿಕ್ ಯಾವುದು?

ವೈದ್ಯೆ: ಟಾನಿಕ್ ಬೇಡ. ಹಾಲು ಎಷ್ಟು ಕುಡಿಯುತ್ತಾಳೆ?

ಶಿರಸಿಯ ತಾಯಿ: ನಮ್ಮ ಕೊಟ್ಟಿಗೆಯದೇ ಹಾಲು, ದಿನಕ್ಕೆ ಒಂದು ಲೀಟರ್.

ವೈದ್ಯೆ: ಅರ್ಧ ಲೀಟರಿಗೆ ಇಳಿಸಿ. ಹಾಲಿನಲ್ಲೇ ಹೊಟ್ಟೆ ತುಂಬಿದ ಮಗು ಅನ್ನ ಕೇಳುವುದಿಲ್ಲ. ಹಾಲಿನಲ್ಲಿ ಕಬ್ಬಿಣಾಂಶ ತೀರ ಕಡಿಮೆಯಾದ್ದರಿಂದ ರಕ್ತಪರೀಕ್ಷೆಯನ್ನೂ ಮಾಡಿಸಿ.

ಅಂಕೋಲಾದ ತಾಯಿ: ಮಗಳಿಗೆ 14 ತಿಂಗಳು. ನುಣ್ಣನೆಯ ರಾಗಿ ಮಣ್ಣಿ ಮಾತ್ರ ಇಳಿಯುತ್ತದೆ. ಗಂಜಿಯಲ್ಲಿ ಒಂದು ಅಗುಳು ಸಿಕ್ಕರೂ ಓಕರಿಸುತ್ತಾಳೆ. ನೀರು ಕುಡಿಸಿದರೆ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತದೆ. ಈ ಮಳೆಗಾಲದಲ್ಲಿ ಎರಡು ಸಲ ನ್ಯುಮೋನಿಯಾ ಆಯಿತು. ಇದೆಲ್ಲ ಹಟವೆಂದು ನಮ್ಮ ಅತ್ತೆ ಹೇಳುತ್ತಾರೆ.

ವೈದ್ಯೆ: ಇದು ಹಟವಲ್ಲ ಅಮ್ಮ, ದಯವಿಟ್ಟು ಪೂರ್ತಿ ಓದಿ. ಹಟ ಮಾಡುವ ಮಗು ಬಾಯಿ ಮುಚ್ಚುತ್ತದೆ, ಮುಖ ತಿರುಗಿಸುತ್ತದೆ. ನುಂಗುವುದಕ್ಕೇ ಕಷ್ಟವಿರುವ ಮಗು ಬಾಯಿ ತೆರೆಯುತ್ತದೆ, ಆದರೆ ಕೆಮ್ಮುತ್ತದೆ. ನೀವು ಹೇಳಿದ ಕೆಮ್ಮು ಮತ್ತು ಎರಡು ಸಲದ ನ್ಯುಮೋನಿಯಾ ಒಟ್ಟಿಗೆ ಇರುವುದರಿಂದ, ನೀರು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುತ್ತಿರಬಹುದೆಂಬ ಅನುಮಾನ ನನಗೆ ಬಲವಾಗಿದೆ. ನೀರು ಕುಡಿದ ಮೇಲೆ ಅವಳ ದನಿ ಗಂಟಲಲ್ಲಿ ಕಫ ಕಟ್ಟಿದಂತೆ ಗೊರಗೊರ ಎನ್ನುತ್ತದೆಯೇ, ಉಣ್ಣುವಾಗ ತುಟಿ ನೀಲಿಯಾಗುತ್ತದೆಯೇ ಎಂದು ನೋಡಿ. ತುಟಿ ನೀಲಿಯಾದರೆ ಅಥವಾ ಉಸಿರಾಟ ಜೋರಾದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಿಂದ ಸುರಿಯುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. ನೆಟ್ಟಗೆ ಕೂರಿಸಿ, ಅಳು ನಿಂತ ಮೇಲೆ, ಚಮಚದ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿ. ಅಂಗನವಾಡಿಯ ತಾಯಿ ಕಾರ್ಡಿನಲ್ಲಿರುವ ತೂಕಗಳನ್ನು ಬರೆದು ಕಳಿಸಿ.

ಭಟ್ಕಳದ ಸದಸ್ಯ: ಮೂರು ವರ್ಷದ ಮಗ ಊಟ ಮಾಡುವುದಿಲ್ಲ, ಟಾನಿಕ್ ಹೇಳಿ.

ವೈದ್ಯೆ: ಮೇಲೆ ಉತ್ತರವಿದೆ.

ಹೊನ್ನಾವರದ ಸದಸ್ಯ: ನನಗೆ ಬಂದ ಸಂದೇಶ: ‘ಬಜೆ ಬೇರನ್ನು ತೇಯ್ದು ಜೇನಿನಲ್ಲಿ ನೆಕ್ಕಿಸಿದರೆ ಏಳೇ ದಿನದಲ್ಲಿ ಹಸಿವು ಹುಟ್ಟುತ್ತದೆ. ಹತ್ತು ತಾಯಂದಿರಿಗೆ ಕಳಿಸಿ.’

ವೈದ್ಯೆ: ಇದನ್ನು ಯಾರಿಗೂ ಕಳಿಸಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತದೆ, ಮಗು ಹಾಲು ಚೀಪುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಇದೇ ಸಂದೇಶಕ್ಕೆ ಈ ಗುಂಪಿನಲ್ಲಿ ಮೂರನೆಯ ಸಲ ಉತ್ತರಿಸುತ್ತಿದ್ದೇನೆ.

ಸಿದ್ದಾಪುರದ ಅಜ್ಜಿ: ನಾನು ಬಜೆ ಹಾಕಿಯೇ ಐದು ಮಕ್ಕಳನ್ನು ಬೆಳೆಸಿದ್ದೇನೆ. ಯಾರಿಗೂ ಏನೂ ಆಗಲಿಲ್ಲ.

ಕಾರವಾರದ ಅಂಗನವಾಡಿ ಕಾರ್ಯಕರ್ತೆ: ಅಜ್ಜಿ, ನಿಮ್ಮ ಮಕ್ಕಳು ಚೆನ್ನಾಗಿರುವುದು ಸಂತೋಷದ ವಿಷಯ. ಆದರೆ ತೊಂದರೆಯಾದ ಮಕ್ಕಳ ತಾಯಂದಿರು ಇಲ್ಲಿ ಬಂದು ಬರೆಯುವುದಿಲ್ಲ.

ಯಲ್ಲಾಪುರದ ತಂದೆ: ನಾಲ್ಕು ವರ್ಷದ ಮಗ ಗೋಡೆಯ ಸುಣ್ಣ ಕೆರೆದು ತಿನ್ನುತ್ತಾನೆ. ಇದಕ್ಕೆ ಕಾರಣವೇನು?

ಸಿದ್ದಾಪುರದ ಅಜ್ಜಿ: ಈಗಿನವರಿಗೆ ಹಿರಿಯರು ಹೇಳಿದ್ದೆಲ್ಲ ತಪ್ಪು. ಮೊಬೈಲು ತೋರಿಸಿ ಉಣಿಸುವುದು ಮಾತ್ರ ಸರಿಯೋ?

ಭಟ್ಕಳದ ಸದಸ್ಯ: ಮೊಬೈಲು ತೋರಿಸದಿದ್ದರೆ ನಮ್ಮವನು ಒಂದು ತುತ್ತೂ ತಿನ್ನುವುದಿಲ್ಲ. ನೀವು ಒಮ್ಮೆ ಬಂದು ಉಣಿಸಿ ನೋಡಿ.

ಕಾರವಾರದ ಅಂಗನವಾಡಿ ಕಾರ್ಯಕರ್ತೆ: ಅಂಗನವಾಡಿಯಲ್ಲಿ ಇಪ್ಪತ್ತು ಮಕ್ಕಳು ಸಾಲಾಗಿ ಕೂತು ಮೊಬೈಲಿಲ್ಲದೆ ಉಣ್ಣುತ್ತಾರೆ.

ಭಟ್ಕಳದ ಸದಸ್ಯ: ನಿಮ್ಮನ್ನು ಯಾರೂ ಕೇಳಲಿಲ್ಲ. ವೈದ್ಯರು ಹೇಳಲಿ.

ವೈದ್ಯೆ: ಅವರು ಹೇಳಿದ್ದು ಸರಿ. ಪರದೆ ನೋಡುತ್ತಾ ಉಣ್ಣುವ ಮಗುವಿಗೆ ಹಸಿವೂ ತಿಳಿಯುವುದಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿಬಿಡಿ. ಮುಂದಿನ ಊಟದವರೆಗೆ ಬಿಸ್ಕತ್ತೂ ಬೇಡ, ಚಿಪ್ಸೂ ಬೇಡ.

ಹೊನ್ನಾವರದ ಸದಸ್ಯ: ಜೇನು ಬೇಡವೆಂದರೆ ಬೆಲ್ಲದಲ್ಲಿ ಕೊಡಬಹುದೇ?

ವೈದ್ಯೆ: ಬೇಡವೆಂದರೆ ಬೇಡ.

ಅಂಕೋಲಾದ ತಾಯಿ: ಕಾರ್ಡಿನಲ್ಲಿ 11 ತಿಂಗಳಿಗೆ 7 ಕೆ.ಜಿ. ಇದೆ. ಇಂದು ತೂಗಿದಾಗ 7 ಕೆ.ಜಿ. 100 ಗ್ರಾಂ ಬಂತು. ನೀವು ಹೇಳಿದಂತೆ ಕೂರಿಸಿ ಎರಡು ಚಮಚ ನೀರು ಕೊಟ್ಟೆ. ಕೆಮ್ಮಿದಳು. ಆಮೇಲೆ ‘ಅಮ್ಮ’ ಎಂದಾಗ ದನಿ ಗೊರಗೊರ ಎನ್ನುತ್ತಿತ್ತು. ತುಟಿ ನೀಲಿಯಾಗಲಿಲ್ಲ. ಮಣ್ಣಿ ನಿಧಾನಕ್ಕೆ ತಿಂದಳು.

ವೈದ್ಯೆ: ಮೂರು ತಿಂಗಳಲ್ಲಿ ನೂರೇ ಗ್ರಾಂ ಏರಿದೆ. ಈ ವಯಸ್ಸಿಗೆ 9 ಕೆ.ಜಿ.ಯ ಆಸುಪಾಸು ಇರಬೇಕಿತ್ತು. ಇನ್ನು ನೀರು ಕೊಟ್ಟು ಪರೀಕ್ಷಿಸಬೇಡಿ. ಮಂದವಾದ ಮಣ್ಣಿಯನ್ನೇ ಕೊಡಿ. ನಾಳೆ ಬೆಳಿಗ್ಗೆಯೇ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋಗಿ, ಎರಡೂ ನ್ಯುಮೋನಿಯಾದ ಎಕ್ಸ್‌ರೇಗಳು ಕೈಯಲ್ಲಿರಲಿ. ಮಣ್ಣಿ ಉಣಿಸುವಾಗಿನ ಎರಡು ನಿಮಿಷದ ವಿಡಿಯೊ ತೆಗೆದಿಡಿ. ಬಾಯಿ, ಕುತ್ತಿಗೆ ಎರಡೂ ಕಾಣಬೇಕು. ನುಂಗುವುದನ್ನು ಪರೀಕ್ಷಿಸಿ ಕಲಿಸುವವರು ವಾಕ್‌-ಶ್ರವಣ ತಜ್ಞರು, ಅವರಿಗೆ ತೋರಿಸಬೇಕೆಂದು ನೀವೇ ಕೇಳಿ ಬರೆಸಿಕೊಳ್ಳಿ.

ಯಲ್ಲಾಪುರದ ತಂದೆ: ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬರಲಿಲ್ಲ.

ಶಿರಸಿಯ ಸದಸ್ಯ: ಮೇಡಂ, ಹಸಿವಿಗೆ ಟಾನಿಕ್ ಯಾವುದು ಒಳ್ಳೆಯದು?

ಅಂಕೋಲಾದ ತಾಯಿ: ಅತ್ತೆಗೆ ನಿಮ್ಮ ಉತ್ತರವನ್ನು ಓದಿ ಹೇಳಿದೆ. ಅವರೂ ನಾಳೆ ಕಾರವಾರಕ್ಕೆ ಜೊತೆಗೆ ಬರುತ್ತಾರೆ.