ಉಗುರು ಮಾಂಸದವರೆಗೆ ಸೀಳಿದೆ, ಕತ್ತರಿಸೋಕೂ ಆಗ್ತಿಲ್ಲ, ಬಿಡೋಕೂ ಆಗ್ತಿಲ್ಲ: ಅನುಭವ ಇದ್ದವರು ಹೇಳಿ

ಸೀಳಿದ ಹೆಬ್ಬೆರಳು:
ಬಲಗೈ ಹೆಬ್ಬೆರಳ ಉಗುರು ಪಕ್ಕದಿಂದ ಅಡ್ಡಕ್ಕೆ ಸೀಳಿದೆ. ಬಿಳಿ ಭಾಗದಲ್ಲಾಗಿದ್ರೆ ಕತ್ತರಿಸಿ ಬಿಸಾಕ್ತಿದ್ದೆ, ಆದ್ರೆ ಸೀಳು ಮಾಂಸಕ್ಕೆ ಅಂಟಿರೋ ಜಾಗಕ್ಕೇ ಬಂದಿದೆ. ರಕ್ತ ಇಲ್ಲ. ಆದ್ರೆ ಬಟ್ಟೆಗೆ, ಕೂದಲಿಗೆ ಸಿಕ್ಕಿದಾಗೆಲ್ಲ ಜೀವ ಬಾಯಿಗೆ ಬರುತ್ತೆ. ಉಳಿದ ಉಗುರುಗಳೂ ತುದೀಲಿ ಪದರ ಪದರವಾಗಿ ಏಳ್ತಿವೆ. ಮನೇಲೇ ಅಂಟಿಸಬಹುದಾ? ಮತ್ತೆ ಹೀಗಾಗದ ಹಾಗೆ ಏನು ಮಾಡ್ತೀರಿ? ಪಾರ್ಲರ್‌ಗೆ ಹೋಗೋ ಮನಸ್ಸಿಲ್ಲ. ಬಯೋಟಿನ್ ಮಾತ್ರೆ ತಗೊಂಡ್ರೆ ಹೇಗೆ?

ಟೀಬ್ಯಾಗ್ ಪಕ್ಷ:
ನಂದು ತೋರುಬೆರಳು. ಇದೇ ತರ ಪಕ್ಕದಿಂದ ಸೀಳಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ, "ಕಿತ್ತುಬಿಡು, ಮತ್ತೆ ಬರುತ್ತೆ." ಹೌದು, ಬರುತ್ತೆ, ಯಾವಾಗ? ಕೈಯುಗುರು ಬೆಳೆಯೋದು ತಿಂಗಳಿಗೆ ಹೆಚ್ಚುಕಮ್ಮಿ 3 ಮಿಲಿಮೀಟರ್. ಬುಡದಿಂದ ತುದಿಗೆ ಬರೋಕೆ ಆರು ತಿಂಗಳು. ಅಷ್ಟು ದಿನ ಬರೀ ಮಾಂಸದಲ್ಲಿ ಕೀಬೋರ್ಡ್ ಕುಟ್ಟಿ ನೋಡಲಿ ಹೇಳಿದವರು.

ನಾನು ಟೀ ಬ್ಯಾಗ್ ಕಾಗದದ ತೇಪೆ ಹಾಕಿದೆ. ಖಾಲಿ ಮಾಡಿದ ಒಣ ಬ್ಯಾಗ್‌ನಿಂದ ಸೀಳಿಗಿಂತ ಚೂರು ದೊಡ್ಡದಾಗಿ ಒಂದು ತುಂಡು. ಉಗುರಿನ ಜಿಡ್ಡನ್ನ ಪಾಲಿಶ್ ರಿಮೂವರ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಉಗುರಿಗೆ ಹಾಕೋ ಅಂಟು ಒಂದೇ ಹನಿ. ಕಾಗದವನ್ನ ಚಿಮಟದಲ್ಲಿ ಹಿಡಿದು ಕೂರಿಸಬೇಕು, ಬೆರಳಲ್ಲಿ ಒತ್ತಿದರೆ ಎರಡು ಬೆರಳೂ ಒಂದಾಗ್ತವೆ. ಒಣಗಿದ ಮೇಲೆ ಇನ್ನೊಂದು ತೆಳು ಪದರ ಅಂಟು, ಆಮೇಲೆ ಬಫರ್‌ನಿಂದ ಅಂಚು ಉಗುರಿಗೆ ಸೇರೋವರೆಗೆ ನಯವಾಗಿ ಉಜ್ಜಿ ಮೇಲೆ ಪಾಲಿಶ್. ಹೊಳಪು ಹೋದಾಗ ಪಾಲಿಶ್ ಮತ್ತೆ ಹಚ್ತಾ ಇರಬೇಕು, ಇಲ್ಲಾಂದ್ರೆ ನೀರು ಅಂಚಿನಿಂದ ಒಳಗೆ ಇಳಿಯುತ್ತೆ. ನಂದು ಒಂದು ತೇಪೆ ಹಾಗೇ ಎದ್ದು ಅಡಿಯಲ್ಲಿ ಹಸಿರು ಕಲೆ ಆಯ್ತು. ಅದು ಒದ್ದೆ ಸಂದಿಯಲ್ಲಿ ಬೆಳೆಯೋ ಬ್ಯಾಕ್ಟೀರಿಯಾ. ತೇಪೆ ತೆಗೆದು ಒಣಗಿಸೋಕೆ ಬಿಡಬೇಕಾಯ್ತು, ಎಲ್ಲ ಮೊದಲಿಂದ. ರಿಮೂವರ್ ಚೆಲ್ಲಿ ಮೇಜಿನ ವಾರ್ನಿಶ್ ಹೋಗಿದ್ದು ಬೇರೆ. ಆದ್ರೂ ಸೀಳು ತುದಿಗೆ ಬರೋವರೆಗೆ ಉಗುರು ಉಳೀತು. ಇವತ್ತು ನೋಡಿದರೆ ಯಾವ ಬೆರಳು ಅಂತ ಯಾರೂ ಹೇಳಲಾರರು.

ಆರು ತಂತಿ:
ಟೀ ಬ್ಯಾಗ್ ಎಲ್ಲ ಟೈಪ್ ಮಾಡೋವರಿಗೆ ಸರಿ. ನಾನು ಕ್ಲಾಸಿಕಲ್ ಗಿಟಾರ್ ನುಡಿಸ್ತೀನಿ. ಬಲಗೈ ಉಗುರೇ ನನ್ನ ದನಿ, ಕಾರ್ಯಕ್ರಮದ ಹಿಂದಿನ ದಿನ ಉಂಗುರಬೆರಳ ಉಗುರು ಕಾರಿನ ಬಾಗಿಲಿಗೆ ಸಿಕ್ಕಿ ಹೋದಾಗ ಕಾಗದ ಅಂಟಿಸಿ ನುಡಿಸೋಕಾಗಲ್ಲ. ನಮ್ಮಲ್ಲಿ ಹಳೇ ಉಪಾಯ ಪಿಂಗ್‌ಪಾಂಗ್ ಚೆಂಡು. ಚೆಂಡಿನ ಬಾಗು ಉಗುರಿನ ಬಾಗಿಗೆ ಹೊಂದುತ್ತೆ, ಒಂದು ಚೂರು ಕತ್ತರಿಸಿ ಉಗುರಿನ ಅಡಿಯಿಂದ ಸೂಪರ್ ಗ್ಲೂ ಹಾಕಿ ಕೂರಿಸಿ, ಉಜ್ಜಿ ಆಕಾರ ಕೊಟ್ಟರೆ ಆಯ್ತು. ಅದಕ್ಕೂ ಕುತ್ತು ಬಂತು ನೋಡಿ. 2014ರಿಂದ ಪಂದ್ಯಗಳಿಗೆ ಸೆಲ್ಯುಲಾಯ್ಡ್ ಬಿಟ್ಟು ಬೇರೆ ಪ್ಲಾಸ್ಟಿಕ್ ಚೆಂಡು ತಂದರು. ಹೊಸದು ಹಳೆಯದರ ಹಾಗೆ ಅಂಟಲ್ಲ, ಉಜ್ಜಿದರೆ ನೂಲು ನೂಲಾಗುತ್ತೆ. ಹಳೇ ಚೆಂಡುಗಳನ್ನ ಹುಡುಕಿ ಹುಡುಕಿ ಕೂಡಿಟ್ಟಿದೀನಿ. ಮನೆಯವರು ನಗ್ತಾರೆ, ನಗಲಿ.

ಒಂದು ಮಾತು ಮಾತ್ರ ಎಲ್ಲರಿಗೂ: ಅಂಟನ್ನ ಹತ್ತಿಯಿಂದ ಒರೆಸಬೇಡಿ. ಹತ್ತಿ ತಗುಲಿದರೆ ಆ ಅಂಟು ಕುದಿದ ಹಾಗೆ ಬಿಸಿಯಾಗುತ್ತೆ, ಚರ್ಮ ಸುಡುತ್ತೆ. ಇನ್ನು ಅಂಟಿನ ಕತೆ. 1942ರಲ್ಲಿ ಬಂದೂಕಿನ ಗುರಿಕಿಂಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕ್ತಿದ್ದ ಹ್ಯಾರಿ ಕೂವರ್ ತಂಡಕ್ಕೆ ಸಿಕ್ಕಿದ್ದು ಇದು. ಮುಟ್ಟಿದ್ದಕ್ಕೆಲ್ಲ ಅಂಟುತ್ತೆ ಅಂತ ಬದಿಗಿಟ್ಟರಂತೆ! ಮಾರಾಟಕ್ಕೆ ಬಂದಿದ್ದು 1958ರಲ್ಲಿ.

ಟೀಬ್ಯಾಗ್ ಪಕ್ಷ:
"ಟೈಪ್ ಮಾಡೋವರಿಗೆ ಸರಿ" ಅಂದ್ರೆ ಏನರ್ಥ? ಕೇಳಿದವರು ಗಿಟಾರ್ ಅಂದ್ರಾ? ಸೀಳಿದ ಉಗುರಿಗೂ ತುದಿ ಹಾರಿಹೋದ ಉಗುರಿಗೂ ವ್ಯತ್ಯಾಸ ಇದೆ. ನಿಮ್ಮದು ಹೊಸ ತುದಿ ಕಟ್ಟೋ ಕೆಲಸ, ನಂದು ಇರೋದನ್ನ ಹಿಡಿದಿಡೋ ಕೆಲಸ. ಸೀಳಿನ ಅಡಿಗೆ ಪ್ಲಾಸ್ಟಿಕ್ ತುರುಕಿದರೆ ಸೀಳು ಇನ್ನೂ ಬುಡಕ್ಕೆ ಓಡುತ್ತೆ.

ಜೆಲ್ ಸಾಕಪ್ಪ:
ನೀವಿಬ್ಬರೂ ಅಂಟು ಅಂಟು ಅಂತ ಇಷ್ಟು ಸಲೀಸಾಗಿ ಹೇಳ್ತಿದ್ದೀರಲ್ಲ, ನನ್ನ ಕತೆ ಕೇಳಿ. ಒಡೆದ ಉಗುರು ಮುಚ್ಚೋಕೆ ಅಂತ ಒಂದು ಪಾರ್ಲರ್‌ನಲ್ಲಿ ಜೆಲ್ ಪಾಲಿಶ್ ಹಾಕಿಸಿಕೊಂಡೆ. ಚೆನ್ನಾಗೇ ಇತ್ತು. ತೆಗೆಸೋಕೆ ಹೋದಾಗ ನೆನೆಸೋಕೂ ತಾಳ್ಮೆ ಇಲ್ಲದೆ ಪಾರ್ಲರ್‌ನಾಕೆ ಸಲಾಕೆ ಹಾಕಿ ಎಬ್ಬಿಸಿದಳು. ಜೆಲ್ ಒಂದೇ ಬರಲಿಲ್ಲ, ಉಗುರಿನ ಮೇಲಿನ ಪದರಗಳೂ ಜೊತೆಗೇ ಬಂದವು. ಉಳಿದದ್ದು ಕಾಗದದಷ್ಟು ತೆಳು, ಬಿಸಿನೀರು ಮುಟ್ಟಿದರೆ ಚುರ್ ಅಂತಿತ್ತು. "ಇದನ್ನ ಮುಚ್ಚೋಕೆ ಮತ್ತೆ ಜೆಲ್ಲೇ ಹಾಕಬೇಕು" ಅಂದರು. ಹಾಕಿದರು. ಹೀಗೇ ಸುತ್ತಿ ಸುತ್ತಿ ಕೊನೆಗೆ ಬೆರಳ ತುದಿ ಊದಿ, ಕಡಿತ, ರೆಪ್ಪೆ ಮೇಲೂ ದದ್ದು. ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡಿದರು. ಜೆಲ್‌ನಲ್ಲಿರೋ ಹೇಮಾ (HEMA) ಅನ್ನೋ ಅಕ್ರಿಲೇಟ್ ರಾಸಾಯನಿಕಕ್ಕೆ ಅಲರ್ಜಿ. ಒಮ್ಮೆ ಬಂದರೆ ಹೋಗಲ್ವಂತೆ. ಈಗ ಹಲ್ಲಿಗೆ ಫಿಲ್ಲಿಂಗ್ ಮಾಡಿಸೋಕೂ ಮೊದಲು ಹೇಳಬೇಕು, ಮುಂದೆ ಮಂಡಿ ಆಪರೇಷನ್ ಆದರೆ ಮೂಳೆಗೆ ಹಾಕೋ ಸಿಮೆಂಟಿಗೂ ಹೇಳಬೇಕು. ಒಂದು ಮುರಿದ ಉಗುರಿಗೆ ಇಷ್ಟು! ಯುರೋಪಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಜೆಲ್‌ನಲ್ಲಿದ್ದ ಟಿಪಿಒ ನಿಷೇಧ ಮಾಡಿದ್ದು ಸುಮ್ಮನೇನಾ?

ಆರು ತಂತಿ:
ಟಿಪಿಒ ಬೇರೆ, ನಿಮಗೆ ಅಲರ್ಜಿ ಕೊಟ್ಟದ್ದು ಬೇರೆ. ಟಿಪಿಒ ದೀಪದ ಬೆಳಕಲ್ಲಿ ಜೆಲ್ ಗಟ್ಟಿಯಾಗೋಕೆ ಹಾಕೋದು. ಅದನ್ನ ನಿಷೇಧಿಸಿದ್ದು ಸಂತಾನಶಕ್ತಿಗೆ ಅಪಾಯ ಇರಬಹುದು ಅಂತ. ನಾನು ಹೇಳಿದ ಅಂಟು ಸೈನೋಅಕ್ರಿಲೇಟ್, ಅದರ ಮನೆತನವೇ ಬೇರೆ. ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟಬೇಡಿ ಮೇಡಂ.

ಜೆಲ್ ಸಾಕಪ್ಪ:
ಮನೆತನ ಬೇರೆ ಅಂದರೆ ಅಲರ್ಜಿ ಬರಲ್ಲ ಅಂತಲಾ? ಸೂಪರ್ ಗ್ಲೂಗೂ ಅಲರ್ಜಿ ಆದವರಿದಾರೆ. ನನ್ನ ಡಾಕ್ಟರೇ ಹೇಳಿದ್ದು. ನಿಮ್ಮ ಬೆರಳು ಊದಿದ ದಿನ ಬಂದು ಪಾಠ ಮಾಡಿ.

ಒದ್ದೆಕೈ:
ಜಗಳ ಬಿಡ್ರಿ, ಕೇಳ್ರಿ. ನಂದು ದಿನಾ ಪೂರ್ತಿ ಕೈ ತೊಳಕೊಳ್ಳೋ ಕೆಲಸ. ಉಗುರು ಮುರಿಯೂದಕ್ಕ ಅಂಟು ಹುಡುಕೂದಕ್ಕಿಂತ ಮೊದಲ ನೀರು ನೋಡ್ರಿ. ಉಗುರು ನೀರು ಕುಡದು ಉಬ್ಬತೈತಿ, ಒಣಗಿದ ಮ್ಯಾಲ ಕುಗ್ಗತೈತಿ. ದಿನಕ್ಕ ಹಿಂಗ ಉಬ್ಬಿ ಕುಗ್ಗಿ, ಉಬ್ಬಿ ಕುಗ್ಗಿ ಪದರ ಸಡಲತಾವ. ನಂಗ ಯಾರೋ "ಗಟ್ಟಿ ಮಾಡೂ ಪಾಲಿಶ್ ಹಚ್ಚು" ಅಂದ್ರು. ಹಚ್ಚಿದ್ನಿ. ಶುರುವಿಗೆ ಭಾರಿ ಗಟ್ಟಿ ಆದೂವು, ಖುಷಿಯಿಂದ ಎಲ್ಲಾರಿಗೂ ತೋರಿಸಿದ್ದಾತು. ಅದರಾಗ ಫಾರ್ಮಾಲ್ಡಿಹೈಡ್ ಇತ್ತು. ಅದು ಉಗುರಿನಾಗಿನ ಕೆರಾಟಿನ್ ಪ್ರೋಟೀನನ್ನ ಎಷ್ಟು ಬಿಗೀತೈತಿ ಅಂದ್ರ ಉಗುರು ಬಾಗೂದ ಬಿಡತೈತಿ. ಬಾಗದ ಉಗುರು ಒಣ ಕಡ್ಡಿ ಇದ್ದಂಗ, ಒಮ್ಮೆ ತಾಗಿದ್ರ ಟಕ್! ನಾಕೂ ಬೆರಳಿನ್ವು ಒಂದರ ಹಿಂದ ಒಂದು ಹೋದೂವು.

ಈಗ ರಬ್ಬರ್ ಕೈಗವಸಿನ ಒಳಗ ಹತ್ತಿ ಕೈಗವಸು. ಬರೇ ರಬ್ಬರ್ ಹಾಕ್ಕೊಂಡ್ರ ಬೆವರಿಗೇ ಕೈ ನೆನೀತೈತಿ, ಅದನ್ನ ಯಾರೂ ಹೇಳೂದಿಲ್ಲ. ಹತ್ತಿದ್ದು ಒಗದು ಒಣಗಸೂದ ಒಂದು ದೊಡ್ಡ ಕೆಲಸ, ಸೈಜು ಸಿಗಂಗಿಲ್ಲ, ಹೆಬ್ಬೆರಳ ಮೂಲಿ ಮೊದಲ ಹರೀತೈತಿ. ಕೈ ಒರೆಸಿದ ಕೂಡಲೇ ಪೆಟ್ರೋಲಿಯಂ ಜೆಲ್ಲಿ, ಉಗುರಿನ ಬುಡಕ್ಕೂ ತುದಿಯ ಅಡಿಗೂ. ಮತ್ತ ಉಗುರು ಮೋಟ ಇಡ್ರಿ. ಅಷ್ಟ.

ರಿಪೋರ್ಟ್ ಸಂತ್ರಸ್ತ:
ಬಯೋಟಿನ್ ಬಗ್ಗೆ ಯಾರೂ ಮಾತಾಡ್ತಿಲ್ಲ, ನಾನು ಹೇಳ್ತೀನಿ. ಕೂದಲು-ಉಗುರಿನ ಮಾತ್ರೆ ಅಂತ ತಗೊಂಡೆ. ದೊಡ್ಡವರಿಗೆ ದಿನಕ್ಕೆ ಬೇಕಾಗಿರೋದು 30 ಮೈಕ್ರೋಗ್ರಾಂ, ನನ್ನ ಡಬ್ಬಿ ಮೇಲೆ 10,000 ಅಂತಿತ್ತು. ಜಾಸ್ತಿ ಆದ್ರೆ ಮೂತ್ರದಲ್ಲಿ ಹೋಗುತ್ತೆ ಬಿಡು ಅಂದ್ರು. ಹೋಗುತ್ತೆ, ಆದ್ರೆ ಹೋಗೋ ಮುಂಚೆ ರಕ್ತಪರೀಕ್ಷೆಗೆ ಸಿಗುತ್ತೆ. ಮಾಮೂಲಿ ತಪಾಸಣೆಯಲ್ಲಿ ಟಿಎಸ್‌ಎಚ್ ತೀರಾ ಕಮ್ಮಿ, ಟಿ4 ಜಾಸ್ತಿ. ಥೈರಾಯ್ಡ್ ಅತಿಯಾಗಿದೆ ಅಂತ ಸ್ಕ್ಯಾನು, ಎದೆಬಡಿತಕ್ಕೆ ಈಸಿಜಿ, ಮತ್ತೆ ರಕ್ತ, ರಜೆ ಹಾಕಿ ಅಲೆದಾಟ, ರಾತ್ರಿ ನಿದ್ದೆ ಇಲ್ಲ. ಕೊನೆಗೆ ಒಬ್ಬರು ವಯಸ್ಸಾದ ಡಾಕ್ಟರು "ಏನಾದ್ರೂ ವಿಟಮಿನ್ ತಗೋತೀರಾ?" ಅಂತ ಕೇಳಿದರು. ಮಾತ್ರೆ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿದರೆ ಎಲ್ಲ ಸರಿ! ಕೆಲವು ಪರೀಕ್ಷೆಗಳ ರಾಸಾಯನಿಕದಲ್ಲೇ ಬಯೋಟಿನ್ ಇರುತ್ತೆ, ರಕ್ತದಲ್ಲಿ ತುಂಬಿದ್ರೆ ಲೆಕ್ಕ ತಪ್ಪುತ್ತೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿತ್ತು, ಹೃದಯಾಘಾತ ಪತ್ತೆ ಮಾಡೋ ಟ್ರೋಪೋನಿನ್ ಪರೀಕ್ಷೆಗೂ ಸೇರಿಸಿ. ಡಬ್ಬಿ ಮೇಲೆ ಒಂದಕ್ಷರ ಇರಲಿಲ್ಲ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಹಾಗಾಯ್ತು, ಇಲ್ಲಿ ಉಗುರಿಗೇ ಕೊಡಲಿ.

ಗಟ್ಟಿ ಉಗುರು:
ನಿಮಗೆ ಆಗಿದ್ದು ಪರೀಕ್ಷೆಯ ತೊಂದರೆ, ಉಗುರಿನದ್ದಲ್ಲ. ನಾನು ಕಮ್ಮಿ ಡೋಸ್ ತಗೊಂಡೆ, ಪದರ ಏಳೋದು ನಿಂತೇ ಹೋಯ್ತು. ಸುಮ್ಮನೆ ಜನರನ್ನ ಹೆದರಿಸಬೇಡಿ.

ಒದ್ದೆಕೈ:
ಅಷ್ಟ ದಿನದಾಗ ಕೈಗವಸೂ ಹಾಕ್ಕೊಂಡಿದ್ರೇನ್ರಿ?

ಗಟ್ಟಿ ಉಗುರು:
ಹಾಕ್ಕೊಂಡಿದ್ದೆ. ಅದಕ್ಕೇನೀಗ?

ಒದ್ದೆಕೈ:
ಏನಿಲ್ಲ. ಕೇಳಿದ್ನಿ.

ಕಬ್ಬಿಣ ಕಮ್ಮಿ:
ಮಾತ್ರೆಗೆ ಮುಂಚೆ ಫೆರಿಟಿನ್, ಅಂದ್ರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ರಕ್ತದಲ್ಲಿ ನೋಡಿಸಿ ಅಂತೀನಿ. ನನ್ನ ಉಗುರು ಚಪ್ಪಟೆಯಾಗಿ, ಆಮೇಲೆ ನಡುವೆ ತಗ್ಗಾಗಿ, ಒಂದು ಹನಿ ನೀರು ನಿಲ್ಲೋ ಹಾಗಾಗಿತ್ತು. ಎಲ್ಲರೂ ಕ್ಯಾಲ್ಸಿಯಂ ಕ್ಯಾಲ್ಸಿಯಂ ಅಂದ್ರು. ಉಗುರಿನಲ್ಲಿ ಕ್ಯಾಲ್ಸಿಯಂ ಇರೋದೇ ಅತ್ಯಲ್ಪ, ಅದರ ಗಟ್ಟಿತನ ಕೆರಾಟಿನ್ನ ಗಂಧಕದ ಕೊಂಡಿಗಳಿಂದ. ಬಿಳಿ ಚುಕ್ಕೆಯೂ ಕ್ಯಾಲ್ಸಿಯಂ ಕೊರತೆಯಲ್ಲ, ಬುಡಕ್ಕೆ ಬಿದ್ದ ಸಣ್ಣ ಪೆಟ್ಟು. ಇದನ್ನ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಒಪ್ಪಲ್ಲ. ನನಗೆ ಇದ್ದದ್ದು ರಕ್ತಹೀನತೆ. ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ಕಟ್ಟಿ, ನಾಲಗೆ ಕೆಟ್ಟು, ಮಾತ್ರೆ ಬದಲಾಯಿಸಿ, ಅದೂ ಒಗ್ಗದೆ ಸಿರಪ್, ಸಿರಪ್‌ನಿಂದ ಹಲ್ಲು ಕಪ್ಪು. ಹೊಸ ಉಗುರು ಬುಡದಿಂದ ನೆಟ್ಟಗೆ ಬರೋದನ್ನ ಕಾಯ್ತಾ ಕೂತಿದ್ದು ಬೇರೆ.

ಸೀಳಿದ ಹೆಬ್ಬೆರಳು:
ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ನಂಗೆ ಇವತ್ತು ರಾತ್ರಿ ಏನು ಮಾಡೋದು ಅಂತ ಇನ್ನೂ ಗೊತ್ತಾಗಿಲ್ಲ. ಕತ್ತರಿಸಲಾ, ಅಂಟಿಸಲಾ?

ಕಬ್ಬಿಣ ಕಮ್ಮಿ:
ಮಾಂಸಕ್ಕೆ ಅಂಟಿರೋ ಭಾಗ ಕತ್ತರಿಸಬೇಡಿ, ಎಳೀಬೇಡಿ. ಸಿಕ್ಕಿಕೊಳ್ಳೋ ಅಂಚನ್ನಷ್ಟೇ ನಯ ಮಾಡಿ, ಮಲಗೋವಾಗ ಬ್ಯಾಂಡೇಜ್ ಸುತ್ತಿ. ಗಾಯ ತೆರೆದಿದ್ದರೆ ಅಂಟು ಬೇಡವೇ ಬೇಡ. ಕೆಂಪಾಗಿ ಮಿಡಿದರೆ, ಕೀವು ಬಂದರೆ ಡಾಕ್ಟರು. ಪೆಟ್ಟೇ ಬೀಳದೆ ಉಗುರಿನುದ್ದಕ್ಕೆ ಕಪ್ಪು ಗೆರೆ ಕಂಡರೂ ತಡಮಾಡಬೇಡಿ.

ಮೋಟುಗುರು:
ನಯ ಮಾಡೋದು ಒಂದೇ ದಿಕ್ಕಿಗೆ. ಹಿಂದೆ ಮುಂದೆ ಗರಗಸದ ಹಾಗೆ ಎಳೆದರೆ ಪದರ ಬಿಡುತ್ತೆ. ಕಟ್ಟರ್‌ಗೆ ಅಂಟಿಕೊಂಡು ಬರೋ ಲೋಹದ ಫೈಲ್ ಅಂತೂ ಮುಟ್ಟಲೇಬೇಡಿ. ಗಾಜಿನ ಫೈಲ್ ತಗೊಳ್ಳಿ.

ಆರು ತಂತಿ:
ಗಾಜಿನ ಫೈಲ್ ಇದ್ದರೆ ದಿಕ್ಕಿನ ಗೊಡವೆಯೇ ಬೇಕಿಲ್ಲ. ಅದರ ಹಲ್ಲು ಅಷ್ಟು ನುಣುಪು. ನಾನು ಎರಡೂ ಕಡೆ ಎಳೀತೀನಿ, ನನ್ನ ಉಗುರು ತಂತಿಯ ಪೆಟ್ಟು ತಡ್ಕೊಳ್ಳುತ್ತೆ.

ಟೀಬ್ಯಾಗ್ ಪಕ್ಷ:
ನಿಮ್ಮ ಉಗುರಿನ ತುದಿ ಪಿಂಗ್‌ಪಾಂಗ್ ಚೆಂಡು ಸ್ವಾಮಿ. ಚೆಂಡಿಗೆ ದಿಕ್ಕು ಯಾಕೆ ಬೇಕು.

ಮೋಟುಗುರು:
ನನ್ನ ಕೇಳಿದರೆ ಉದ್ದ ಉಗುರೇ ಯಾಕೆ? ಬೆರಳ ತುದಿಗೆ ಸಮ ಕತ್ತರಿಸಿದರೆ ಮುರಿಯೋಕೆ ಏನೂ ಉಳಿಯಲ್ಲ.

ಟೀಬ್ಯಾಗ್ ಪಕ್ಷ:
ಬಂದ್ರಪ್ಪ. ಪ್ರತಿ ಚರ್ಚೆಯಲ್ಲೂ ಒಬ್ಬರು ಬಂದೇ ಬರ್ತಾರೆ. ಕೇಳಿದ್ದು ಉಳಿಸೋದು ಹೇಗೆ ಅಂತ. ತಲೆನೋವಿಗೆ ತಲೆ ತೆಗೆಸಿ ಅಂತೀರಾ?

ಮೋಟುಗುರು:
ಒದ್ದೆಕೈ ಅವರೂ ಅದನ್ನೇ ಹೇಳಿದರು, ಅವರಿಗೆ ಏನೂ ಅನ್ನಲಿಲ್ಲ.

ಒದ್ದೆಕೈ:
ನನ್ನ ಎಳೀಬ್ಯಾಡ್ರಿ ಇದರಾಗ.

ಜೆಲ್ ಸಾಕಪ್ಪ:
ಅಂಟು ತೆಗೆಯೋಕೆ ಅಸಿಟೋನ್ ಬೇಕು ಅಂತ ಯಾರೂ ಹೇಳಲೇ ಇಲ್ಲ. ಅಸಿಟೋನ್ ಇಲ್ಲದ ರಿಮೂವರ್‌ಗೆ ಸೂಪರ್ ಗ್ಲೂ ಜಗ್ಗಲ್ಲ. ಅಸಿಟೋನ್ ಉಗುರು ಒಣಗಿಸುತ್ತೆ, ಬೆಂಕಿ ಬೇಗ ಹಿಡಿಯುತ್ತೆ, ಒಲೆ ದೀಪ ಹತ್ತಿರ ಇರಬಾರದು. ತೆಗೆದ ಮೇಲೆ ಎಣ್ಣೆ ಹಚ್ಚಿ. ಕೆರೆದು ಎಬ್ಬಿಸಿದರೆ ನನ್ನ ಗತಿ.

ಆರು ತಂತಿ:
ಇದು ಸರಿಯಾದ ಮಾತು.

ಟೀಬ್ಯಾಗ್ ಪಕ್ಷ:
ಅಂಟಿನ ಟ್ಯೂಬ್ ಒಮ್ಮೆ ತೆಗೆದರೆ ಮೂತಿ ಕಟ್ಟಿಕೊಂಡು ಹಾಳಾಗುತ್ತಲ್ಲ, ಫ್ರಿಜ್‌ನಲ್ಲಿಡಿ. ನಂದು ಇನ್ನೂ ಚೆನ್ನಾಗಿದೆ.

ಆರು ತಂತಿ:
ತೆರೆಯದ ಟ್ಯೂಬ್ ಇಡಿ. ತೆರೆದದ್ದನ್ನ ಫ್ರಿಜ್‌ನಿಂದ ಹೊರಗೆ ತೆಗೆದಾಗೆಲ್ಲ ಒಳಗೆ ತೇವ ಕಟ್ಟುತ್ತೆ, ಆ ಅಂಟು ಗಟ್ಟಿಯಾಗೋದೇ ತೇವದಿಂದ. ತೇವ ಹೀರೋ ಸಿಲಿಕಾ ಪುಡಿಕೆ ಹಾಕಿ ಬಿಗಿಯಾದ ಡಬ್ಬಿಯಲ್ಲಿಡಿ.

ಟೀಬ್ಯಾಗ್ ಪಕ್ಷ:
ನಂದು ಫ್ರಿಜ್‌ನಲ್ಲೇ ಇದೆ, ತೆರೆದದ್ದೇ, ಚೆನ್ನಾಗೇ ಇದೆ. ನಿಮ್ಮ ಡಬ್ಬಿ ನಿಮಗಿರಲಿ.